ಬಿಳೇದು ಒಳಗ ಹೋತು

ನನಗೆ ಎರಡು ಭಾಷೆ ಬರುತ್ತಿದ್ದವು. ಗಡಹಿಂಗ್ಲಜದಲ್ಲಿ ಹುಟ್ಟಿದವರಿಗೆ ಇದೇನೂ ದೊಡ್ಡ ವಿಷಯವಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಜಗಳಕ್ಕೆ ನಿಂತರೆ ಎರಡೂ. ಆದರೆ ಕೊಲ್ಹಾಪುರದ ಆ ದವಾಖಾನೆಯ ಆಪರೇಷನ್ ಕೋಣೆಯಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ಗಡಿ ಕಡೆಯ ಹಳ್ಳಿಗಳಿಂದ ಬಂದ ರೋಗಿ ಬಾಯಿ ತೆರೆದರೆ ಸಾಕು, ನಮ್ಮ ಸರ್ಜನ್ ಸಾಹೇಬರು ತಲೆ ಎತ್ತಿ, ಗಡಹಿಂಗ್ಲಜ ಎಲ್ಲಿ ಹೋಯಿತು ಎಂದು ಕೇಳುತ್ತಿದ್ದರು. ಊರಿನ ಹೆಸರೇ ನನ್ನ ಹೆಸರಾಗಿಬಿಟ್ಟಿತ್ತು. ಕೈಯಲ್ಲಿದ್ದ ಕೆಲಸ ಬಿಟ್ಟು ನಾನು ಹೋಗುತ್ತಿದ್ದೆ. ಸ್ವಲ್ಪ ನಿಧಾನವಾಗಿಯೇ ಹೋಗುತ್ತಿದ್ದೆ, ನಾನಿಲ್ಲದೆ ಮಾತು ಮುಂದೆ ಸಾಗುವುದಿಲ್ಲ ಎಂಬುದು ಎಲ್ಲರಿಗೂ ಕಾಣಲಿ ಎಂದು. ಈ ಜಂಬವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಆದದ್ದಕ್ಕೆಲ್ಲ ಅದೇ ಮೂಲ.

ನಮ್ಮದು ಕನ್ನಡ ಮಾತಾಡುವ ಜೈನರ ಮನೆ. ಹದಿನೇಳಕ್ಕೆ ನಾನು ವಿಧವೆಯಾದೆ. ಅಪ್ಪ ಧೈರ್ಯ ಮಾಡಿ ನನ್ನನ್ನು ನರ್ಸ್ ಕೆಲಸ ಕಲಿಯಲು ಕಳಿಸಿದಾಗ ಬಸದಿಗೆ ಬರುವ ಹೆಂಗಸರೆಲ್ಲ ಮೂಗು ಮುರಿದರು. ಹೇಗೂ ಬಿಳಿ ಸೀರೆ ಉಡಬೇಕಲ್ಲ, ಮೂಲೆಯಲ್ಲಿ ಕೂತು ಉಡುವ ಬದಲು ದುಡಿಯುತ್ತ ಉಡುತ್ತೇನೆ ಎಂದು ನಾನು ಒಬ್ಬಾಕೆಗೆ ಮುಖದ ಮೇಲೆಯೇ ಹೇಳಿದ್ದೆ. ಅಂಥ ಬಾಯಿ ನನ್ನದು. ಕೆಲಸ ಚೆನ್ನಾಗಿ ಕಲಿತೆ. ನಮ್ಮ ಸಾಹೇಬರು ಕತ್ತಿ ಹಿಡಿದಾಗ ಹತ್ಯಾರ ಕೊಡುವ ಕೈ ನನ್ನದೇ ಆಗಿರಬೇಕು ಎಂದು ಹಟ ಹಿಡಿಯುವಷ್ಟು ಚೆನ್ನಾಗಿ ಕಲಿತೆ.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಒಂದು ದಿನ ಹತ್ತಿರದ ಮಗ್ಗಗಳ ಊರು ಇಚಲಕರಂಜಿಯಿಂದ ಒಬ್ಬ ಹುಡುಗಿ ಬಂದಳು. ಆರು ವರ್ಷ. ತಾಯಿ ಇವಳನ್ನು ಹೆತ್ತು ಹತ್ತನೆಯ ದಿನಕ್ಕೆ ತೀರಿಹೋಗಿದ್ದಳು, ಸಾಕಿದವಳು ತಂದೆಯ ತಾಯಿ. ಅಜ್ಜಿ ಮತ್ತು ತಂದೆ ಇಬ್ಬರೇ ಕರೆತಂದಿದ್ದರು. ಇವರೂ ಜೈನರು, ನೂಲಿನ ವ್ಯಾಪಾರದವರು, ಮನೆಯಲ್ಲಿ ಕನ್ನಡ. ಎರಡು ವರ್ಷದಿಂದ ಹುಡುಗಿಯ ಎಡಗಿವಿ ಸೋರುತ್ತಿತ್ತು. ಎಣ್ಣೆ ಬಿಟ್ಟಿದ್ದರು, ಬೆಳ್ಳುಳ್ಳಿ ಕಾಯಿಸಿ ಹಿಂಡಿದ್ದರು, ಯಾರೋ ಹೇಳಿದ ಸೊಪ್ಪಿನ ರಸವನ್ನೂ ಹಾಕಿದ್ದರು. ಒಂದು ತಿಂಗಳ ಹಿಂದೆ ಸೋರುವುದು ತಾನಾಗಿ ನಿಂತಿತಂತೆ. ಗುಣವಾಯಿತು ಎಂದು ಎಲ್ಲರೂ ಸಮಾಧಾನಪಟ್ಟರಂತೆ. ಸಾಹೇಬರು ಅದನ್ನು ಕೇಳಿದ ಕೂಡಲೇ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಸೋರುವ ಕೀವು ಹೊರಗೆ ಬರುವುದು ನಿಂತರೆ ಅದು ಇನ್ನೆಲ್ಲಿಗೋ ಹೋಗುತ್ತಿದೆ ಎಂದೇ ಅರ್ಥ.

ತಂದೆ ಒಂದು ಮಾತು ಹೇಳಿದ, ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವರ ಓಣಿಯಲ್ಲಿ ಹಗಲೆಲ್ಲ ಮಗ್ಗದ ಸದ್ದು. ಅಲ್ಲಿನ ಮಕ್ಕಳು ಸದ್ದಿಗೆ ಏಳುವುದಿಲ್ಲ, ಸದ್ದು ನಿಂತರೆ ಏಳುತ್ತವೆ. ಮಧ್ಯಾಹ್ನ ಮಗ್ಗ ನಿಂತ ಕೂಡಲೇ ಈ ಕೂಸೂ ಕಣ್ಣುಜ್ಜಿಕೊಂಡು ಎದ್ದು ಬಾಗಿಲಿಗೆ ಬರುತ್ತಿತ್ತು. 'ಈಗ ಎಂಟ ದಿವಸಾತ್ರಿ, ಮಗ್ಗ ನಿಂತರೂ ಏಳವಲ್ದು,' ಎಂದ.

ನಾನು ಹುಡುಗಿಯನ್ನು ಎಬ್ಬಿಸಿ ಮಾತಾಡಿಸಿದೆ. ಕಣ್ಣು ತೆರೆದಳು, ನಕ್ಕಳು, ಬಲಗೈ ಎತ್ತಲು ಹೋಗಿ ಆಗದೆ ಎಡಗೈ ಎತ್ತಿದಳು. ಬೀಗದಕೈ ತೋರಿಸಿ ಇದೇನವ್ವ ಎಂದೆ. ಬಹಳ ಹೊತ್ತು ನೋಡಿ 'ತೆರಿಯೂದು' ಎಂದಳು. ಬಾಚಣಿಕೆ ತೋರಿಸಿದೆ. 'ತಲೀದು' ಎಂದಳು. ಹೆಸರುಗಳು ಅವಳಿಂದ ಒಂದೊಂದಾಗಿ ಹೋಗಿದ್ದವು, ವಸ್ತು ಏನು ಮಾಡುತ್ತದೆ ಎಂಬುದು ಮಾತ್ರ ಉಳಿದಿತ್ತು. ಸಾಹೇಬರಿಗೆ ಅಷ್ಟು ಸಾಕಾಯಿತು. ಕಿವಿಯ ಕೀವು ಎಲುಬು ತಿಂದು ಮೇಲಕ್ಕೆ ಹೋಗಿದೆ, ಎಡ ಮಿದುಳಿನಲ್ಲಿ ಮಾತು ಇರುವ ಜಾಗದ ಹತ್ತಿರ ಗಂಟು ಕಟ್ಟಿದೆ, ಬುರುಡೆ ಕೊರೆದು ತೆಗೆಯದಿದ್ದರೆ ವಾರದೊಳಗೆ ಮುಗಿಯಿತು ಎಂದರು. ನಾನು ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. 'ಮುಗೀತು' ಎಂಬ ಮಾತನ್ನು ಬಿಟ್ಟೆ. ಅದನ್ನು ಅವಳು ನನ್ನ ಮುಖದಿಂದಲೇ ತಿಳಿದುಕೊಂಡಳು.

ಸಾಹೇಬರು ಮಿದುಳಿನ ಡಾಕ್ಟರಲ್ಲ. ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಅಂಥವರು ಯಾರಿದ್ದರು? ಹೊಟ್ಟೆ ಕೊಯ್ಯುವವರೂ ಅವರೇ, ಮುರಿದ ಕಾಲು ಕಟ್ಟುವವರೂ ಅವರೇ. ಮಗುವಿನ ತಲೆಯನ್ನು ಅದಕ್ಕೆ ಮೊದಲು ಒಂದೇ ಸಲ ತೆರೆದಿದ್ದರು. ಹುಣಸೆ ಮರದಿಂದ ಬಿದ್ದ ಉತ್ತೂರಿನ ಹುಡುಗ. ಅವನು ಆ ಮೇಜಿನಿಂದ ಏಳಲಿಲ್ಲ. ಆ ದಿನ ಅವನ ಮುಖದ ಮೇಲೆ ಬಟ್ಟೆ ಎಳೆದವಳು ನಾನು. ಈಗ ಸಾಹೇಬರು ಮೂರು ದಿನ ಇಂಗ್ಲಿಷ್ ಪುಸ್ತಕ ತೆರೆದು ಕೂತರು, ಒಂದು ಹಲಗೆಯ ಮೇಲೆ ಸೀಮೆಸುಣ್ಣದಿಂದ ತಲೆ ಬರೆದು ಅಳತೆ ಹಾಕಿದರು. ಆ ಮೂರು ದಿನ ದವಾಖಾನೆಯಲ್ಲಿ ಯಾರೂ ಗಟ್ಟಿಯಾಗಿ ನಗಲಿಲ್ಲ. ನಾನೂ ಉತ್ತೂರಿನ ಹುಡುಗನನ್ನು ನೆನೆಯಬಾರದು ಎಂದುಕೊಂಡು ದಿನವೆಲ್ಲ ಅವನನ್ನೇ ನೆನೆಯುತ್ತಿದ್ದೆ.

ಆ ದಿನಗಳಲ್ಲಿ ನಾನೂ ಹುಡುಗಿಯೂ ಒಂದು ಆಟ ಹೂಡಿದ್ದೆವು. ಅವಳು ಹೇಳಬೇಕು, ನಾನು ಬಿಡಿಸಬೇಕು. 'ತಣ್ಣಂದು' ಅಂದರೆ ನೀರು. 'ಢಣ್ ಅನ್ನೂದು' ಅಂದರೆ ಬಸದಿಯ ಗಂಟೆ. ನನ್ನನ್ನು 'ಬಿಳೇದು' ಎಂದು ಕರೆಯುತ್ತಿದ್ದಳು, ಸೀರೆಗಾಗಿ. ಬೇರೆ ನರ್ಸುಗಳಿಗೂ ಅದೇ ಹೆಸರು. ಬಿಡಿಸಲಾಗದ ಮಾತು ಒಂದೂ ಇರಲಿಲ್ಲ ಎಂದು ನಾನು ಸಾಹೇಬರ ಮುಂದೆ ಕೊಚ್ಚಿಕೊಂಡೆ. ಅಜ್ಜಿ ಮಂಚದ ಕಾಲಿಗೆ ಒರಗಿ ಕೂತು ನಮ್ಮನ್ನು ನೋಡುತ್ತಿದ್ದಳು. ಮಾತು ಕಡಿಮೆಯ ಹೆಂಗಸು, ಆಡಿದರೆ ಕನ್ನಡವೇ. ಸಾಹೇಬರೊಡನೆ ಮರಾಠಿಯಲ್ಲಿ ಮಾತಾಡುವುದೆಲ್ಲ ಮಗನ ಕೆಲಸ. ಪಕ್ಕದ ಮಂಚದ ಮರಾಠಿ ಬಾಣಂತಿ ತನ್ನ ಗೋಳು ತೋಡಿಕೊಳ್ಳುವಾಗ ಈಕೆ ಹ್ಞೂಂಗುಡುತ್ತಿದ್ದಳು. ಪಾಪ, ತಿಳಿಯದಿದ್ದರೂ ಮರ್ಯಾದೆಗೆ ಹ್ಞೂಂಗುಡುತ್ತಾಳೆ ಎಂದುಕೊಂಡೆ.

ಆಪರೇಷನ್ನಿನ ಹಿಂದಿನ ಸಂಜೆ, ಕ್ಲೋರೋಫಾರ್ಮ್ ಕೊಡುವ ಮೊದಲು ಹೊಟ್ಟೆ ಖಾಲಿ ಇರಬೇಕೆಂದು ಮನೆಯವರಿಗೆ ಹೇಳುವುದು ನನ್ನ ಕೆಲಸ. ಮತ್ತು ಬೆಳಿಗ್ಗೆ ಒಳಗೆ ಒಯ್ಯುವ ಮುಂಚೆ ಇನ್ನೊಮ್ಮೆ ಕೇಳಬೇಕು. ಮರಾಠಿಯವರಿಗಾದರೆ ನಾನು ಹತ್ತು ಸಲ ಹೇಳಿ ಜೀವ ತಿನ್ನುತ್ತಿದ್ದೆ. ಇವರು ನಮ್ಮವರು. ಸೂರ್ಯ ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದ ಜನ. ಬೇರೆಯವರಿಗೆ ಕಷ್ಟಪಟ್ಟು ಹೇಳುವುದನ್ನು ಇವರು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದಿದ್ದಾರೆ. ಹಾಗಾಗಿ ಕಿಟಕಿ ಮುಚ್ಚುತ್ತ, ನಗುತ್ತ, ರಾತ್ರಿ ಊಟ ಕೊಡಬ್ಯಾಡ್ರಿ ಮತ್ತ ಎಂದೆ. ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿ, ನಾವು ರಾತ್ರಿ ಎಲ್ಲಿ ಉಣ್ಣತೇವ್ರಿ ಎಂದಳು. ನನಗೆ ಹೇಳುತ್ತೀರೇನು, ನಾನೂ ಅದೇ ಪೈಕಿ ಎಂದು ನಾನು ಹೊರಟೆ.

ಬೆಳಗಿನ ಮಾತು ನನ್ನ ತಲೆಗೇ ಬರಲಿಲ್ಲ. ರಾತ್ರಿ ಉಣ್ಣದವರು ಸೂರ್ಯ ಹುಟ್ಟಿದ ಮೇಲೆ ಬಾಯಿ ತೆರೆಯುತ್ತಾರೆ, ಅದೂ ಹಸಿದ ಮಕ್ಕಳಿಗೆ ಮೊದಲು. ನಮ್ಮ ಮನೆಯಲ್ಲೂ ಹಾಗೆಯೇ, ಬಸದಿಯಿಂದ ಬಂದ ಅವ್ವ ಮೊದಲು ಮಕ್ಕಳ ಕೈಗೆ ಬಟ್ಟಲು ಕೊಡುತ್ತಿದ್ದಳು. ಬೇರೆ ಯಾವ ನರ್ಸ್ ಆಗಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ. ಅವಳಿಗೆ ಜೈನರ ಊಟದ ಬಗ್ಗೆ ಏನೂ ಗೊತ್ತಿರುತ್ತಿರಲಿಲ್ಲ, ಆದ್ದರಿಂದ ಎಲ್ಲವನ್ನೂ ಕೇಳುತ್ತಿದ್ದಳು.

ಮರುದಿನ ಬೆಳಕು ಚೆನ್ನಾಗಿ ಬಿದ್ದ ಮೇಲೆ ಶುರುಮಾಡುವುದೆಂದು ಗೊತ್ತಾಗಿತ್ತು. ಉತ್ತರದ ದೊಡ್ಡ ಕಿಟಕಿಯ ಬೆಳಕನ್ನೇ ನಂಬಿದ ಕೋಣೆ ಅದು. ಬೋಳಿಸಿದ ಪುಟ್ಟ ತಲೆಗೆ ಬಿಳಿ ಬಟ್ಟೆ ಸುತ್ತಿ ಹುಡುಗಿಯನ್ನು ತಂದರು. ಬಾಗಿಲಲ್ಲಿ ನಾನು ಅಜ್ಜಿಗೆ ಊಟ ಗೀಟ ಆಗಿಲ್ಲಲ್ಲ ಎಂದು ಕೇಳಿದೆ. ಉತ್ತರಕ್ಕೆ ಸರಿಯಾಗಿ ಕಾಯಲೂ ಇಲ್ಲ. ಊಟ ಎಲ್ಲೀದ್ರಿ ಎಂದಳು. ಅದು ನಿಜವೇ. ನಮ್ಮ ಕಡೆ ಊಟ ಎಂದರೆ ರೊಟ್ಟಿ, ಅನ್ನ, ಪಲ್ಯ. ತಾಟಿನ ಮುಂದೆ ಕೂತರೆ ಊಟ. ಬಟ್ಟಲಲ್ಲಿ ಕುಡಿದದ್ದನ್ನು ಯಾರು ಊಟ ಎನ್ನುತ್ತಾರೆ?

ಅಷ್ಟರಲ್ಲಿ ಇನ್ನೊಬ್ಬ ನರ್ಸ್ ನಮ್ಮನ್ನು ದಾಟಿ ಕೋಣೆಯೊಳಗೆ ಹೋದಳು. ಹುಡುಗಿ ಎಡಗೈಯಿಂದ ನನ್ನ ಸೆರಗು ಹಿಡಿದಳು. ಬಿಟ್ಟು, ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡಳು. ಬಹಳ ಕಷ್ಟಪಟ್ಟು, ಒಂದೊಂದೇ ಮಾತು ಹುಡುಕಿ ಹೇಳಿದಳು:

'ಬಿಳೇದು ಒಳಗ ಹೋತು.'

'ಹೌದವ್ವಾ, ಹೋತು,' ಎಂದೆ. 'ನಾವೂ ಹೋಗೂಣು ನಡಿ.'

ಅವಳು ತಲೆ ಅಲ್ಲಾಡಿಸಿದಳು, ಮತ್ತೆ ಅದನ್ನೇ ಹೇಳಿದಳು. ಹೆದರಿದ್ದಾಳೆ ಎಂದು ಕೆನ್ನೆ ತಟ್ಟಿ ಒಳಗೆ ಒಯ್ದೆ.

ಮೇಜಿನ ಮೇಲೆ ಬಲಕ್ಕೆ ಮುಖ ಮಾಡಿ, ತಲೆ ಸ್ವಲ್ಪ ಎತ್ತರವಾಗುವಂತೆ ಮರಳಿನ ಚೀಲ ಇಟ್ಟು ಮಲಗಿಸಿದೆವು. ಕ್ಲೋರೋಫಾರ್ಮ್ ಕೊಡುವವರು ವಯಸ್ಸಾದ ಡಾಕ್ಟರು, ಕೈ ಹದವಾಗಿತ್ತು. ಮೂಗಿನ ಮೇಲಿನ ಬಟ್ಟೆಗೆ ಹನಿ ಹನಿಯಾಗಿ ಬಿಟ್ಟರು. ಸಾಹೇಬರು ಕಿವಿಯ ಮೇಲೆ ಚರ್ಮ ಸೀಳಿ ಎಲುಬು ಕೊರೆದರು. ಕೊರೆಯುವ ಹತ್ಯಾರಕ್ಕೆ ಏನೇನೋ ಇಂಗ್ಲಿಷ್ ಹೆಸರಿದೆ. ನೋಡಿದರೆ ಬಡಿಗನ ಗಿರಮಿಟ್ಟೇ, ಸದ್ದೂ ಅದೇ. ಎಲುಬಿನ ತುಣುಕು ಎತ್ತಿದಾಗ ಒಳಗಿನ ಪೊರೆ ಕಂಡಿತು. ಆರೋಗ್ಯವಾದ ಮಿದುಳಿನ ಮೇಲೆ ಆ ಪೊರೆ ನಾಡಿಯಂತೆ ಮಿಡಿಯುತ್ತದೆ. ಇದು ಮಿಡಿಯಲಿಲ್ಲ. ಬಿಗಿದು, ಮಂಕಾಗಿ, ಅಲ್ಲಾಡದೆ ನಿಂತಿತ್ತು. ಸಾಹೇಬರು ಬೆರಳ ತುದಿ ಇಟ್ಟು ನೋಡಿ, ಇಲ್ಲೇ ಇದೆ ಎಂದರು. ಪೊರೆಯನ್ನು ಸಣ್ಣಗೆ ಕೊಯ್ದು, ಕೀವು ಎಳೆಯುವ ಸೂಜಿಗೆ ಕೈ ಚಾಚಿದರು. ನಾನು ಸೂಜಿ ಕೊಟ್ಟೆ.

ಆಗ ಹುಡುಗಿಯ ಹೊಟ್ಟೆ ಒಮ್ಮೆ ಎದ್ದು ಬಿದ್ದಿತು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಖಾಲಿ ಹೊಟ್ಟೆ ಓಕರಿಸಿದರೆ ಬರುವುದು ಒಂದಿಷ್ಟು ಜೊಲ್ಲು. ಆದರೆ ಎರಡನೆಯ ಸಲ ಹೊಟ್ಟೆ ಎದ್ದಾಗ ಕ್ಲೋರೋಫಾರ್ಮಿನ ಬಟ್ಟೆಯ ಅಂಚಿನಿಂದ ಬೆಳ್ಳಗೆ ಏನೋ ಹರಿಯಿತು. ವಯಸ್ಸಾದ ಡಾಕ್ಟರು ಬಟ್ಟೆ ಕಿತ್ತೆಸೆದರು. ಹುಡುಗಿಯ ಗಂಟಲಿನಲ್ಲಿ ಗೊರಗೊರ ಸದ್ದು, ತುಟಿ ನೀಲಿ. ಅವಳು ಒಳಗಿನಿಂದ ಮುಕ್ಕರಿಯುತ್ತಿದ್ದಂತೆ ಮೇಲೆ, ನಾವು ಮಾಡಿದ ತೂತಿನಿಂದ, ಮಿದುಳು ಹೊರಗೆ ತಳ್ಳಿಕೊಂಡು ಬಂತು, ಹೊಲಿಗೆ ಬಿಟ್ಟ ದಿಂಬಿನಿಂದ ಅರಳೆ ಬರುವ ಹಾಗೆ. ಅಂಚಿನಲ್ಲಿ ಕಪ್ಪು ರಕ್ತ ಒಸರಿತು. ಉತ್ತೂರಿನ ಹುಡುಗ ಮತ್ತೆ ಈ ಮೇಜಿಗೆ ಬಂದಿದ್ದಾನೆ ಎನಿಸಿತು.

ತಲೆಯನ್ನು ಕೆಳಗೆ ಇಳಿಸಿದರೆ ಗಂಟಲಿನದೆಲ್ಲ ಹೊರಗೆ ಹರಿಯುತ್ತದೆ, ಉಸಿರು ಬದುಕುತ್ತದೆ. ಆದರೆ ರಕ್ತ ತಲೆಗೆ ಇಳಿದು ಮಿದುಳು ಇನ್ನಷ್ಟು ಉಕ್ಕುತ್ತದೆ. ತಲೆ ಎತ್ತರದಲ್ಲೇ ಇಟ್ಟರೆ ಮಿದುಳು ಉಳಿಯುತ್ತದೆ, ಆದರೆ ಹುಡುಗಿ ತನ್ನ ವಾಂತಿಯಲ್ಲೇ ಮುಳುಗುತ್ತಾಳೆ. ಮೂರು ದಿನ ತೆರೆದಿಟ್ಟಿದ್ದ ಪುಸ್ತಕದಲ್ಲಿ ಇದಕ್ಕೆ ಉತ್ತರ ಇತ್ತೋ ಇಲ್ಲವೋ ನನಗೆ ತಿಳಿಯದು. ಸಾಹೇಬರು ಪುಸ್ತಕದ ಕಡೆ ನೋಡಲಿಲ್ಲ. ಬೆಚ್ಚನೆಯ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯನ್ನು ತೂತಿನ ಮೇಲೆ ಹಾಕಿ ಅದರ ಮೇಲೆ ಅಂಗೈ ಇಟ್ಟರು, ಒತ್ತಲಿಲ್ಲ, ಮಲಗಿದ ಕೂಸಿನ ಬೆನ್ನ ಮೇಲೆ ಇಡುವಂತೆ ಇಟ್ಟರು. ತಲೆ ಇಳಿಸಿ ಎಂದರು. ವಯಸ್ಸಾದ ಡಾಕ್ಟರು, ಮಿದುಳು ಹೊರಗೆ ಬರುತ್ತದೆ ಎಂದರು. ಉಸಿರಿಲ್ಲದಿದ್ದರೆ ಮಿದುಳು ಇಟ್ಟುಕೊಂಡು ಏನು ಮಾಡುವುದು, ಹತ್ತು ಎಣಿಸುತ್ತೇನೆ, ಹತ್ತಕ್ಕೆ ಮತ್ತೆ ಎತ್ತಿ ಎಂದರು ಸಾಹೇಬರು. ದನಿ ಏರಲಿಲ್ಲ.

ನಾನು ತೊಳೆದು ಸಿದ್ಧಮಾಡಿದ ಕೈಗಳನ್ನು ಮರೆತು ಬಟ್ಟೆಯ ಕೆಳಗೆ ನುಗ್ಗಿದೆ. ಉಸಿರಾಡದ ಎಳೆಗೂಸುಗಳ ಗಂಟಲು ಶುಚಿ ಮಾಡಲು ಒಂದು ರಬ್ಬರ್ ನಳಿಕೆ ಇರುತ್ತಿತ್ತು. ಅದರ ಒಂದು ತುದಿಯನ್ನು ಹುಡುಗಿಯ ಗಂಟಲಿಗೆ ಇಳಿಸಿ ಇನ್ನೊಂದು ತುದಿಯನ್ನು ನನ್ನ ಬಾಯಲ್ಲಿಟ್ಟು ಎಳೆದೆ. ಬಾಯಿ ತುಂಬಿತು. ಉಗುಳಿ ಮತ್ತೆ ಎಳೆದೆ. ಒಡೆದ ಹಾಲು. ಬೆಲ್ಲ ಹಾಕಿದ್ದು. ಕ್ಲೋರೋಫಾರ್ಮಿನ ಉರಿಯ ನಡುವೆಯೂ ಬೆಲ್ಲದ ಸಿಹಿ ನಾಲಿಗೆಗೆ ತಾಗಿತು, ಮತ್ತು ಅದು ತಾಗಿದ ಗಳಿಗೆಯಲ್ಲೇ, ಮೇಲೆ ಸಾಹೇಬರು ಏಳು, ಎಂಟು ಎಂದು ಎಣಿಸುತ್ತಿರುವಾಗಲೇ, ನಾನು ಏನು ಕೇಳಲಿಲ್ಲ ಎಂಬುದು ನನಗೆ ತಿಳಿದುಹೋಯಿತು.

ಹತ್ತಕ್ಕೆ ತಲೆ ಎತ್ತಿದರು. ಹತ್ತು ಎಣಿಸಿ ಮತ್ತೆ ಇಳಿಸಿದರು. ಮೂರು ಸಲ ಹೀಗೆ ಏರಿಳಿಸಿದೆವು. ಮೂರನೆಯ ಸಲ ಹುಡುಗಿ ಕೆಮ್ಮಿದಳು, ಒಳಕ್ಕೆ ದೀರ್ಘವಾಗಿ ಉಸಿರು ಎಳೆದಳು. ತುಟಿಯ ನೀಲಿ ಮೆಲ್ಲಗೆ ಇಳಿಯಿತು. ಸಾಹೇಬರು ಅಂಗೈ ಎತ್ತಿ ನೋಡಿದರು. ಉಬ್ಬು ಹಾಗೆಯೇ ಇತ್ತು, ಆದರೆ ಇನ್ನಷ್ಟು ಬೆಳೆದಿರಲಿಲ್ಲ. ಇನ್ನು ಕ್ಲೋರೋಫಾರ್ಮ್ ಬೇಡ, ಮಿದುಳಿಗೆ ನೋವಿಲ್ಲ ಎಂದು ಹೇಳಿ ಅರ್ಧ ಎಚ್ಚರದಲ್ಲಿದ್ದ ಹುಡುಗಿಯ ತಲೆಯೊಳಗೆ ಸೂಜಿ ಇಳಿಸಿದರು. ಒಂದು ಬೆರಳಗಲ ಆಳ, ಒಂದೂವರೆ. ಸೂಜಿಯ ಬಾಲದಿಂದ ಹಸಿರು ಕೀವು ಚಿಮ್ಮಿತು. ಕೋಣೆಯಲ್ಲಿ ಎಂಥ ದುರ್ವಾಸನೆ ಎದ್ದಿತೆಂದರೆ ಕಿಟಕಿಯ ಹತ್ತಿರ ನಿಂತಿದ್ದ ನರ್ಸ್ ಮೂಗು ಮುಚ್ಚಿಕೊಂಡಳು. ನಾನು ಆ ವಾಸನೆಗೆ ಕೈ ಮುಗಿಯುವುದೊಂದು ಬಾಕಿ. ಕೀವು ಹೋಗುತ್ತಿದ್ದಂತೆ ಉಬ್ಬು ಕುಸಿಯಿತು, ಮತ್ತು ಪೊರೆ, ಅಲ್ಲಾಡದೆ ನಿಂತಿದ್ದ ಪೊರೆ, ಮಿಡಿಯತೊಡಗಿತು.

ಹೊಲಿದು ಮುಗಿಸಿ ಸಾಹೇಬರು ಹೊರಗೆ ಬಂದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ತಂದೆಯನ್ನು ಮಂಜುಗಡ್ಡೆ ತರಲು ಪೇಟೆಗೆ ಕಳಿಸಿದ್ದರು, ಅಜ್ಜಿ ಒಬ್ಬಳೇ ಬಾಗಿಲಲ್ಲಿ ನಿಂತಿದ್ದಳು. ಕೂಸಿಗೆ ಏನು ಕೊಟ್ಟಿರಿ ಎಂದು ನಾನೇ ಮೊದಲು ಕೇಳಿದೆ. ಊಟ ಕೊಟ್ಟಿಲ್ರಿ, ಹೊತ್ತು ಹುಟ್ಟಿದ ಮ್ಯಾಲೆ ಒಂದು ಬಟ್ಟಲ ಹಾಲಷ್ಟ ಕುಡಿಸೇನಿ, ಹಸದ ಹೊಟ್ಟೀಲೆ ಹ್ಯಾಂಗ ಕಳಸೂದು ಎಂದಳು. ನಾನು ಅದನ್ನು ಮರಾಠಿಯಲ್ಲಿ ಹೇಳಿದೆ. ಸಾಹೇಬರು ನನ್ನ ಕಡೆ ತಿರುಗಿ ಕೇಳಿದರು:

'ಯಾಂನಾ ಕುಣೀ ಸಾಂಗಿತಲಂ ನವ್ಹತಂ ಕಾ?'

ಇವರಿಗೆ ಯಾರೂ ಹೇಳಿರಲಿಲ್ಲವೇ, ಎಂದು. ಕೇಳಿ ನೋಡು ಎಂಬಂತೆ ಅಜ್ಜಿಯ ಕಡೆ ಕೈ ತೋರಿಸಿದರು. ಆ ಪ್ರಶ್ನೆಯನ್ನು ಕನ್ನಡಕ್ಕೆ ದಾಟಿಸಬೇಕಾದವಳು ನಾನು. ದಾಟಿಸಿದರೆ ಉತ್ತರ ನನ್ನ ಹೆಸರು. ಬಾಯಲ್ಲಿ ಇನ್ನೂ ಬೆಲ್ಲ ಇತ್ತು. ನಾನು ಅಜ್ಜಿಯ ಕಡೆ ತಿರುಗಿ ಹೇಳಿದೆ:

'ಹಾಲ ಯಾಕ ಕೊಟ್ರಿ ಅಂತ ಕೇಳ್ತಾರ.'

ಅಜ್ಜಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. 'ತಪ್ಪಾತ್ರಿ,' ಎಂದಳು. 'ನಂದಽ ತಪ್ಪು.'

ತಪ್ಪು ತನ್ನದೇ ಎನ್ನುತ್ತಿದ್ದಾರೆ ಎಂದು ನಾನು ಸಾಹೇಬರಿಗೆ ಮರಾಠಿಯಲ್ಲಿ ಹೇಳಿದೆ. ಒಂದು ಅಕ್ಷರವೂ ಸುಳ್ಳಲ್ಲ. ಸಾಹೇಬರು ಕೈ ತೊಳೆಯಲು ನಡೆದರು. ಅಜ್ಜಿ ಅಲ್ಲೇ ಗೋಡೆಯ ಕಡೆ ತಿರುಗಿ, ಕೈ ಮುಗಿದು, ಈ ಕೂಸು ಉಳಿದರೆ ಸಾಯುವ ತನಕ ಹಾಲು ಮುಟ್ಟುವುದಿಲ್ಲ ಎಂದು ನೇಮ ಹಿಡಿದಳು. ನಮ್ಮಲ್ಲಿ ಹಿಡಿದ ನೇಮವನ್ನು ಬಿಡುವ ಮಾತಿಲ್ಲ. ಅದು ನನಗೆ ಗೊತ್ತಿತ್ತು. ತಡೆಯಬಹುದಿತ್ತು, ನಾಲ್ಕೇ ಮಾತು ಸಾಕಿತ್ತು, ತಡೆಯಲಿಲ್ಲ.

ತಲೆ ಗೆದ್ದಿತು, ಎದೆ ಸೋಲಲು ಹೊರಟಿತು. ಮೂರನೆಯ ದಿನ ಜ್ವರ ಏರಿತು. ಒಳಗೆ ಇಳಿದಿದ್ದ ಹಾಲು ಬಲಗಡೆಯ ಶ್ವಾಸಕೋಶವನ್ನು ಹಿಡಿದಿತ್ತು. ಸೋಂಕಿಗೆ ಕೊಡುವ ಸಲ್ಫಾ ಗುಳಿಗೆ ಯುದ್ಧದ ದೆಸೆಯಿಂದ ಸಿಗುವುದೇ ಕಷ್ಟ. ತಂದೆ ಎಲ್ಲೆಲ್ಲೋ ಅಲೆದು ತಂದ. ನಾನು ಪುಡಿಮಾಡಿ ನೀರಿನಲ್ಲಿ ಕಲಸಿ ಕುಡಿಸುತ್ತಿದ್ದೆ. ಮೂಗಿನ ಹೊಳ್ಳೆಗಳು ಅಗಲವಾಗಿ ಬಡಿಯುತ್ತಿದ್ದವು, ಪಕ್ಕೆಗಳು ಒಳಗೆ ಹೋಗುತ್ತಿದ್ದವು. ಸಾಹೇಬರು ದಿನಕ್ಕೆ ನಾಲ್ಕು ಸಲ ಬಂದು ಬೆನ್ನಿಗೆ ಕಿವಿ ಕೊಟ್ಟು ಹೋಗುತ್ತಿದ್ದರು. ಅಜ್ಜಿ ಒಣ ರೊಟ್ಟಿಯನ್ನು ಬರೀ ಚಟ್ನಿಗೆ ಹಚ್ಚಿ ತಿನ್ನುತ್ತಿದ್ದಳು, ಮೊಸರು ಮಜ್ಜಿಗೆಯನ್ನೂ ಬಿಟ್ಟಿದ್ದಳು. ನನ್ನನ್ನು ಕಂಡರೆ ಎದ್ದು ನಿಂತು ಜಾಗ ಬಿಡುತ್ತಿದ್ದಳು. ಇಷ್ಟು ಮರ್ಯಾದೆ ಏಕೆ ಎಂದು ನಾನು ಸಿಡಿಮಿಡಿಗೊಳ್ಳುತ್ತಿದ್ದೆ. ತಪ್ಪು ಮಾಡಿದವರಿಗೆ ಸಿಟ್ಟು ಬೇಗ ಬರುತ್ತದೆ.

ಒಂಬತ್ತನೆಯ ದಿನ ಜ್ವರ ಬಿಟ್ಟಿತು. ಇನ್ನೂ ಒಂದು ವಾರ ಕಳೆದ ಮೇಲೆ ಸಾಹೇಬರು ಮಾತು ಎಷ್ಟು ಮರಳಿದೆ ನೋಡೋಣ ಎಂದು ಮಂಚದ ಹತ್ತಿರ ಕೂತರು. ನಾನು ಒಂದೊಂದೇ ವಸ್ತು ತೋರಿಸಿದೆ. ಬೀಗದಕೈ ಎಂದಳು. ಹಣಗಿ ಎಂದಳು, ನಮ್ಮ ಕಡೆ ಬಾಚಣಿಕೆಗೆ ಹಾಗೆನ್ನುವುದು. ನೀರು, ಚಮಚ, ಗಂಟೆ ಎಲ್ಲ ಮರಳಿ ಬಂದಿದ್ದವು. ಸಾಹೇಬರು ನಗುತ್ತಿದ್ದರು. ಆಗ ಯಾರೋ ಪಕ್ಕದ ಮಂಚದ ರೋಗಿಗೆ ತಂದಿದ್ದ ಹಾಲಿನ ಬಟ್ಟಲನ್ನು ನಾನು ಎತ್ತಿ ಹಿಡಿದೆ. ಹುಡುಗಿ ನೋಡಿದಳು. ಹಣೆ ಸುಕ್ಕುಮಾಡಿದಳು, ತುಟಿ ಅಲ್ಲಾಡಿಸಿದಳು, ಹುಡುಕಿದಳು.

'ಬಿಳೇದು,' ಎಂದಳು.

ಬಟ್ಟಲು ನನ್ನ ಕೈಯಲ್ಲೇ ಉಳಿಯಿತು. ಬಾಗಿಲಲ್ಲಿ ಸೆರಗು ಹಿಡಿದು, ಎದೆಯ ಮೇಲೆ ಕೈ ಇಟ್ಟುಕೊಂಡು ಅವಳು ಎರಡು ಸಲ ಹೇಳಿದ್ದು ಏನು ಎಂಬುದು ಆಗ ತಿಳಿಯಿತು. ಅಜ್ಜಿಯನ್ನು ನಾನು ಕೇಳದೆ ಬಿಟ್ಟದ್ದನ್ನು ಕೂಸೇ ಬಾಯಿಬಿಟ್ಟು ಹೇಳಿತ್ತು. ಬಿಡಿಸಲಾಗದ ಮಾತೇ ಇಲ್ಲ ಎಂದು ಕೊಚ್ಚಿಕೊಂಡವಳು ಅದನ್ನು ಬಿಡಿಸಲಿಲ್ಲ. ನನಗೆ ಅಲ್ಲಿ ನಿಲ್ಲಲಾಗದೆ ಹೊರಗೆ ಹೋಗಿ ನಲ್ಲಿಯ ಹತ್ತಿರ ಅತ್ತೆ.

ಅದೇ ದಿನ ಸಾಹೇಬರಿಗೆ ಅರ್ಧ ಹೇಳಿದೆ. ಬೆಳಗಿನ ಮಾತು ಕೇಳಲಿಲ್ಲ, ಊಟ ಎಂದು ಕೇಳಿದ್ದೇ ತಪ್ಪಾಯಿತು ಎಂದೆ. ಅವರು, ಇನ್ನು ಮುಂದೆ ಊಟ ಎಂಬ ಮಾತನ್ನೇ ಆಡಬೇಡ, ಎದ್ದಾಗಿನಿಂದ ಬಾಯೊಳಗೆ ಏನೇನು ಹೋಗಿದೆ ಎಂದು ಕೇಳು, ಮಗುವನ್ನೂ ಕೇಳು ಎಂದರು. ಆಮೇಲೆ ನಾನು ಇದ್ದಷ್ಟು ಕಾಲ ಹಾಗೆಯೇ ಕೇಳಿದೆ. ಉಳಿದ ಅರ್ಧವನ್ನು, ಬಾಗಿಲಲ್ಲಿ ನಾನು ಮಾತು ತಿರುಚಿದ್ದನ್ನು, ಅವರಿಗೆ ಹೇಳಲಿಲ್ಲ. ಅದನ್ನು ಹೇಳಬೇಕಾದದ್ದು ಅಜ್ಜಿಗೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಟಾಂಗಾ ಹತ್ತಿದಾಗಲೂ ಬಾಯಿ ಬರಲಿಲ್ಲ.

ಎರಡು ವರ್ಷ ಕಳೆದು, ಒಂದು ಮಧ್ಯಾಹ್ನ, ಹೇಳಲೇಬೇಕು ಎಂದು ಇಚಲಕರಂಜಿಗೆ ಹೋದೆ. ಮಗ್ಗಗಳು ಬಡಿಯುತ್ತಿದ್ದವು, ಓಣಿಯಲ್ಲಿ ಮಾತು ಕೇಳಬೇಕಾದರೆ ಕೂಗಬೇಕಿತ್ತು. ಮನೆಯ ಬಾಗಿಲಲ್ಲಿ ಅಜ್ಜಿ ಒಬ್ಬ ತರಕಾರಿಯವಳೊಡನೆ ನಿಂತಿದ್ದಳು. ಮೆಂತ್ಯೆ ಸೊಪ್ಪು ಬಾಡಿದೆ, ಇದಕ್ಕೆ ಇಷ್ಟು ಕೇಳಲು ನಾಚಿಕೆಯಿಲ್ಲವೇ ಎಂದು ಬಾಯಿ ಮಾಡುತ್ತಿದ್ದಳು. ಮರಾಠಿಯಲ್ಲಿ. ನನ್ನ ಮರಾಠಿಗಿಂತ ಸೊಗಸಾದ ಮರಾಠಿಯಲ್ಲಿ.

ನಾನು ಬೀದಿಯಲ್ಲೇ ನಿಂತುಬಿಟ್ಟೆ. ನಲವತ್ತು ವರ್ಷ ಇಚಲಕರಂಜಿಯಲ್ಲಿ ಬಾಳಿದ ಹೆಂಗಸಿಗೆ ಮರಾಠಿ ಬರುವುದಿಲ್ಲ ಎಂದು ನಾನು ಹೇಗೆ ನಂಬಿದ್ದೆ?

ಅಜ್ಜಿ ನನ್ನನ್ನು ಗುರುತಿಸಿ ಒಳಗೆ ಕರೆದು ಚಾಪೆ ಹಾಕಿದಳು. ಹುಡುಗಿ ಓಡಿ ಬಂದು ನೋಡಿ ನಾಚಿ ಒಳಗೆ ಓಡಿದಳು. ಬಲಗೈ ಚೆನ್ನಾಗಿತ್ತು. ಕೂದಲು ಕಿವಿಯ ಮೇಲಿನ ಗಾಯವನ್ನು ಮುಚ್ಚಿತ್ತು. ಕಲಿತುಕೊಂಡು ಹೋಗಿದ್ದ ಮಾತುಗಳೆಲ್ಲ ನನಗೆ ಮರೆತುಹೋದವು. ಆಯಿ, ಆವತ್ತು ನಾನು ನಿಮಗ ಸರಿಯಾಗಿ ಹೇಳಲಿಲ್ಲ ಎಂದಷ್ಟೇ ಶುರುಮಾಡಿದೆ.

'ಯಾಂನಾ ಕುಣೀ ಸಾಂಗಿತಲಂ ನವ್ಹತಂ ಕಾ, ಅಂತ ಕೇಳಿದ್ರು ಸಾಹೇಬರು,' ಎಂದಳು ಅಜ್ಜಿ. ಒಂದು ಮಾತೂ ತಪ್ಪಿರಲಿಲ್ಲ. 'ನೀ ಹಾಲ ಯಾಕ ಕೊಟ್ರಿ ಅಂದಿ.'

ಆಗಲೇ ಏಕೆ ಹೇಳಲಿಲ್ಲ, ನನ್ನ ತಪ್ಪು ಎಂದು ಸಾಹೇಬರಿಗೆ ಅಲ್ಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಿದಾಗ ನನ್ನ ದನಿಯಲ್ಲಿ, ಹೇಳಲು ನಾಚಿಕೆಯಾಗುತ್ತದೆ, ಸ್ವಲ್ಪ ಜಗಳವೂ ಇತ್ತು.

ಅಜ್ಜಿ ಸೊಪ್ಪು ಬಿಡಿಸುತ್ತ ಕೂತಿದ್ದಳು. ಕೈ ನಿಲ್ಲಿಸಲಿಲ್ಲ.

'ಹ್ಯಾಂಗ ಹೇಳ್ಲಿ ತಂಗಿ?' ಎಂದಳು. 'ಕೂಸು ಇನ್ನಾ ನಿನ್ನ ಕೈಯಾಗ ಇತ್ತು.'

ಹೊರಗೆ ಮಗ್ಗಗಳು ಬಡಿಯುತ್ತಲೇ ಇದ್ದವು. ಆ ಹದಿನಾರು ದಿನ ನನ್ನನ್ನು ಕಂಡಾಗಲೆಲ್ಲ ಅವಳು ಎದ್ದು ನಿಂತು ಜಾಗ ಬಿಟ್ಟದ್ದು ಮರ್ಯಾದೆಗಲ್ಲ. ನನ್ನನ್ನು ಕಂಡರೆ ಅವಳಿಗೆ ಭಯವಿತ್ತು. ಸಿಟ್ಟಾದರೆ ನಾನು ಮೊಮ್ಮಗಳಿಗೆ ಗುಳಿಗೆ ತಪ್ಪಿಸಿಯೇನು, ನೋಡಬೇಕಾದಾಗ ನೋಡದೆ ಇದ್ದೇನು ಎಂದು ಅವಳು ಹೆದರಿದ್ದಳು. ಒಂದು ಸುಳ್ಳು ಹೇಳಿದವಳು ಇನ್ನೇನೂ ಮಾಡುವುದಿಲ್ಲ ಎಂದು ಅವಳು ಯಾವ ಧೈರ್ಯದ ಮೇಲೆ ನಂಬಬೇಕಿತ್ತು?

ಹುಡುಗಿ ಒಳಗಿನಿಂದ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಮೆಲ್ಲಗೆ ಬಂದಳು. ಆ ಒಂದು ಹೆಸರು ಅವಳಿಗೆ ಮರಳಿ ಬರಲೇ ಇಲ್ಲವಂತೆ, ಈಗ ಮನೆಮಂದಿಯೆಲ್ಲ ಅವಳ ಮಾತನ್ನೇ ಆಡುತ್ತಾರಂತೆ.

'ಬಿಳೇದು ತಗೋರಿ,' ಎಂದಳು.

ನಾನು ಅಜ್ಜಿಯ ಕಡೆ ನೋಡಿದೆ. ಅವಳು ಸೊಪ್ಪಿನಿಂದ ಕಣ್ಣೆತ್ತದೆ, 'ಕುಡಿ. ನನ್ನ ಪಾಲಿಂದೂ ನೀನಽ ಕುಡಿ,' ಎಂದಳು.

ಬೆಲ್ಲ ಹಾಕಿದ ಹಾಲು. ಹುಡುಗಿ ಎದುರಿಗೇ ನಿಂತು ನೋಡುತ್ತಿದ್ದಳು. ಬಟ್ಟಲು ಬರಿದಾಗುವ ತನಕ ಕುಡಿದೆ.